ಎಣ್ಣೆ ಗಿರಣಿ ಸ್ಟಾಪು

ನನಗೆ ಯಾರ ಮೇಲೂ ನಂಬಿಕೆ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಒಬ್ಬರು ಹತ್ತಿ 'ಕೋರ್ಟು' ಅಂದರೆ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ಚಪ್ಪಲಿಯನ್ನು. ಕೋರ್ಟಿಗೆ ಅಲೆಯುವವರ ಚಪ್ಪಲಿ ಹೇಗಿರುತ್ತೆ ಅಂತ ನನಗೆ ಗೊತ್ತು. ತಲೆಗೆ ಹೂವು ಮುಡಿದು 'ರೇಷನ್ ಅಂಗಡಿ' ಅಂದವಳನ್ನು ಒಂದು ಸಲ ಜಾಸ್ತಿ ನೋಡುತ್ತೇನೆ. ಮನೆಯಲ್ಲಿ ಹಾಲಿನವನು ಹಾಲು ಅಳೆಯುವಾಗಲೂ ನನ್ನ ಕಣ್ಣು ಅವನ ಹೆಬ್ಬೆರಳ ಮೇಲೇ ಇರುತ್ತೆ. ಇದು ಹುಟ್ಟುಗುಣವೋ ಕೆಲಸದಿಂದ ಅಂಟಿಕೊಂಡಿದ್ದೋ, ಹೇಳಲಾರೆ.

ನಮ್ಮೂರಿನ ಬಸ್ಸುಗಳೂ ಹಾಗೇ ಇವೆ ಅನ್ನಿ. ಇಲ್ಲಿ ನೀವು ಬಾಯಲ್ಲಿ ಯಾವ ಸ್ಟಾಪು ಹೇಳಿ ಟಿಕೆಟ್ ತಗೊಂಡರೂ, ಒಳಗಿನ ಮನಸ್ಸು ಎಲ್ಲಿ ಇಳಿಯಬೇಕು ಅಂತ ಕೂತಿರುತ್ತೋ ಅಲ್ಲಿ ನೀವು ಇಳಿಯದೆ ಬಸ್ಸು ಮುಂದಕ್ಕೆ ಹೋಗುವುದಿಲ್ಲ. ಇಂಜಿನ್ ತಣ್ಣಗೆ ನಿಂತುಬಿಡುತ್ತೆ. 'ಬಸ್ಸು ಕೂತಿತು' ಅಂತೀವಿ ನಾವು. ಎಲ್ಲರಿಗೂ ಇದು ಅಭ್ಯಾಸ ಆಗಿಹೋಗಿದೆ. ಆಫೀಸಿಗೆ ಅಂತ ಹತ್ತಿದವನು ಟಾಕೀಸಿನ ಹತ್ತಿರ ತಲೆ ಕೆರೆದುಕೊಂಡು ಇಳಿದುಹೋಗುತ್ತಾನೆ, ಯಾರೂ ಏನೂ ಕೇಳುವುದಿಲ್ಲ. ಮಗಳನ್ನು ನೋಡಬೇಕು ಅಂತ ಆಸೆ, ಅಳಿಯನ ಮುಖ ನೋಡೋಕೆ ಭಯ, ಅಂಥ ತಾಯಂದಿರು ಮಗಳ ಬೀದಿ ಬಂದಾಗ ಸುಮ್ಮನೆ ಕೆಳಗಿಳಿದು, ಅದೇ ಬಸ್ಸಿಗೆ ಮತ್ತೆ ಹತ್ತಿ ಕೂರುತ್ತಾರೆ. ಕಾಲು ನೆಲಕ್ಕೆ ತಾಗಿದರೆ ಸಾಕು. ಬಸ್ಸಿಗೆ ಬೇಕಾಗಿರುವುದು ಅಷ್ಟೇ.

ತೊಂದರೆ ಎಲ್ಲ ಇಳಿಯದೆ ಗಟ್ಟಿಯಾಗಿ ಕೂರುವವರಿಂದ. ಆಗ ಎಲ್ಲರನ್ನೂ ಸಾಲಾಗಿ ಇಳಿಸಬೇಕು. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಲ್ಲಬೇಕು, ಒಬ್ಬೊಬ್ಬರೇ ಅವಳನ್ನು ದಾಟಿ ಇಳಿಯಬೇಕು, ಒಬ್ಬೊಬ್ಬರು ಇಳಿದ ಮೇಲೂ ಡ್ರೈವರ್ ಒಂದೊಂದು ಸಲ ಕೀಲಿ ತಿರುಗಿಸಬೇಕು. ಯಾರು ನೆಲ ಮುಟ್ಟಿದಾಗ ಇಂಜಿನ್ ಹತ್ತಿಕೊಳ್ಳುತ್ತೋ ಅವರೇ ಕಳ್ಳರು. ಅವರ ಹೆಸರಿಗೆ ಒಂದು ಚೀಟಿ. ಮೂರು ಚೀಟಿಯಾದರೆ ಡ್ರೈವರ್ ಬೆನ್ನಿನ ಹಿಂದಿರುವ ಕಪ್ಪು ಹಲಗೆಯಲ್ಲಿ ಹೆಸರು ಬೀಳುತ್ತೆ, ಒಂದು ವರ್ಷ ಊರಿನ ಯಾವ ಬಸ್ಸೂ ಅವರನ್ನು ಹತ್ತಿಸಿಕೊಳ್ಳುವುದಿಲ್ಲ. ಹಲಗೆಗೆ ಬಿದ್ದವರ ಮನೆಯಿಂದ ಹೆಣ್ಣು ತರೋಕೂ ಜನ ಹಿಂದೆಮುಂದೆ ನೋಡುತ್ತಾರೆ. ಡ್ರೈವರ್, ಕಂಡಕ್ಟರಿಗೆ ಟಿಕೆಟ್ಟೂ ಇಲ್ಲ, ಈ ಸಾಲೂ ಇಲ್ಲ. ಬೆಳಿಗ್ಗೆ ಡಿಪೋ ಗೇಟಿನಲ್ಲಿ ಕಂಟ್ರೋಲರ್ ಸಿದ್ದೋಜಿ 'ಎಲ್ಲಿಗೆ?' ಅಂತ ಕೇಳುತ್ತಾರೆ, ನಾವು 'ಹೋಗಿ ಬರೋಕೆ' ಅಂತೀವಿ, ಗೇಟು ತೆಗೆಯುತ್ತಾರೆ.

ಈಗ ನಮ್ಮನೆಯವರ ವಿಷಯಕ್ಕೆ ಬರುತ್ತೇನೆ. ಹೆಸರು ಮರಿಸ್ವಾಮಿ, ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸ. ಬೆಳಿಗ್ಗೆ ಬೇಗ ಹೋಗಿ ನೀರು ಬಿಟ್ಟು ಬಂದರೆ ಮತ್ತೆ ಸಂಜೆಗೇ ಕೆಲಸ. ಮಧ್ಯಾಹ್ನವೆಲ್ಲ ಖಾಲಿ. ಯುಗಾದಿ ಕಳೆದ ಮೇಲೆ ಇವರು ಬಸ್ಸು ಬಿಟ್ಟು ಒಂದು ಸೈಕಲ್ ತಗೊಂಡರು. ಸೀಟಿಗೆ ಕೆಂಪು ಕುಚ್ಚಿನ ಹೊದಿಕೆ ಬೇರೆ. ಯಾಕೆ ಅಂದರೆ "ಮಂಡಿ ಹಿಡ್ಕೊಂಡಿದೆ, ತುಳಿದ್ರೆ ಸರಿಹೋಗುತ್ತೆ" ಅಂದರು. ನಮ್ಮೂರಿನಲ್ಲಿ ಇದ್ದಕ್ಕಿದ್ದ ಹಾಗೆ ಬಸ್ಸು ಬಿಟ್ಟು ಸೈಕಲ್ ಹತ್ತಿದವನನ್ನು ಬೀದಿಯವರೆಲ್ಲ ಒಂದು ತಿಂಗಳು ಗಮನಿಸುತ್ತಾರೆ. ನಾನು ಹೆಂಡತಿ, ಗಮನಿಸದೆ ಇರ್ತೀನಾ?

ಒಂದು ದಿನ ಡಿಪೋದಲ್ಲಿ ಒಂಬತ್ತನೇ ನಂಬರಿನ ಕಂಡಕ್ಟರ್ ಪ್ರಮೀಳಾ, ಟಿಫಿನ್ ತಿನ್ನುತ್ತಾ ತಿನ್ನುತ್ತಾ ಹೇಳಿದಳು. "ಅಕ್ಕಾ, ಎಣ್ಣೆ ಗಿರಣಿ ಸ್ಟಾಪಿನ ಎದುರಿಗೆ ಒಂದು ಹಸಿರು ಬಾಗಿಲಿನ ಮನೆ ಇದೆ ನೋಡಿ. ನಿಮ್ಮನೆಯವರ ಸೈಕಲ್ಲು ಅಲ್ಲಿ ನಿಂತಿರುತ್ತೆ. ನೋಡಿದೆ, ಹೇಳಿದೆ, ಅಷ್ಟೇ."

"ಅಲ್ಲೊಂದು ವಾಲ್ವ್ ಇದೆ ಕಣೆ" ಅಂದೆ.

ಅಲ್ಲಿ ಯಾವ ವಾಲ್ವೂ ಇಲ್ಲ. ಹನ್ನೊಂದು ವರ್ಷ ಅವರಿಗೆ ಊಟದ ಡಬ್ಬಿ ಕೊಟ್ಟುಬಂದವಳು ನಾನು, ಊರಿನ ಒಂದೊಂದು ವಾಲ್ವೂ ಎಲ್ಲಿದೆ ಅಂತ ಗೊತ್ತು. ಆ ಮಂಗಳವಾರವೇ ಪ್ರಮೀಳಾ ಜೊತೆ ರೂಟ್ ಬದಲಾಯಿಸಿಕೊಂಡೆ. ನನ್ನ ನಾಲ್ಕನೇ ನಂಬರಿನಲ್ಲಿ ಬಿಸಿಲು ಜಾಸ್ತಿ ಅಂತ ಕಾರಣ ಕೊಟ್ಟೆ. ಸಿದ್ದೋಜಿ 'ಎಲ್ಲಿಗೆ?' ಅಂದಾಗ 'ಹೋಗಿ ಬರೋಕೆ' ಅಂದೆ.

ಎಣ್ಣೆ ಗಿರಣಿ ಸ್ಟಾಪು ಅಂದರೆ ಒಂದು ಹೊಂಗೆಮರ, ಅದರ ಕೆಳಗೆ ಕಲ್ಲುಬೆಂಚು, ಎದುರಿಗೆ ನಾಲ್ಕಾರು ಹೆಂಚಿನ ಮನೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ಹಿಂಡಿಯ ವಾಸನೆ ಇನ್ನೂ ಇದೆ. ಮೂರನೇ ಮನೆಗೆ ಹಸಿರು ಬಾಗಿಲು. ಬಾಗಿಲ ಪಕ್ಕದಲ್ಲಿ ಸೈಕಲ್, ಅದರ ಸೀಟಿನ ಮೇಲೆ ಕೆಂಪು ಕುಚ್ಚು. ನಾನು ಫುಟ್‌ಬೋರ್ಡಿನಿಂದ ಕತ್ತು ಚಾಚಿ ನೋಡಿದೆ. ಸೀಟಿ ಊದಿದೆ, ಬಸ್ಸು ಕದಲಲಿಲ್ಲ.

"ಅಕ್ಕಾ, ಕೂತಿತು" ಅಂದ ಡ್ರೈವರ್ ಇಮ್ತಿಯಾಜ್. ಮೂವತ್ತು ದಾಟದ ಹುಡುಗ, ಮಾತು ಕಡಿಮೆ, ಕನ್ನಡಿಯಲ್ಲಿ ಎಲ್ಲ ನೋಡುತ್ತಾನೆ.

ಸಾಲಾಗಿ ಇಳಿಸೋಕೆ ಶುರುಮಾಡಿದೆ. ಹತ್ತು ಹನ್ನೆರಡು ಜನ ಇಳಿದರು, ಏನೂ ಆಗಲಿಲ್ಲ. ಆಮೇಲೆ ಬಂದವರು ಒಬ್ಬ ಯಜಮಾನರು. ಬಿಳೀ ಅಂಗಿ, ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್, ಎಡಗಾಲು ಮಡಚಲು ಬರುವುದಿಲ್ಲ. ವಯಸ್ಸಾದವರಿಗೆ ಕೈಕೊಟ್ಟು ಇಳಿಸಬೇಕು ಅನ್ನುವುದು ನಮ್ಮ ರೂಲ್ಸು, ಫುಟ್‌ಬೋರ್ಡು ಬಿಟ್ಟು ಇಳಿಯೋಕೆ ನಮಗೆ ಅದೊಂದಕ್ಕೇ ಪರವಾನಗಿ. ಗೊಣಗಿಕೊಂಡೇ ಕೆಳಗಿಳಿದೆ, ಕ್ಯಾರಿಯರ್ ಇಸಕೊಂಡೆ, ಭುಜ ಕೊಟ್ಟೆ. ಅವರ ಕಾಲು ನೆಲ ಮುಟ್ಟಿತು. ಇಂಜಿನ್ ಹತ್ತಿಕೊಂಡಿತು.

ಜನ ಎಲ್ಲ ಅವರ ಕಡೆ ತಿರುಗಿದರು.

"ಎಲ್ಲಿಗೆ ಅಂದಿದ್ರಿ ಯಜಮಾನ್ರೇ?"

"ದೊಡ್ಡಾಸ್ಪತ್ರೆಗಮ್ಮ" ಅಂದರು. ಅವರ ಮುಖದಲ್ಲಿ ಬರೀ ಆಶ್ಚರ್ಯ. "ನಾನು ದಿನಾ ಹೋಗ್ತೀನಲ್ಲ."

ಹೆಸರು ಕೇಳಿದೆ, ಪಾಂಡುರಂಗಯ್ಯ ಅಂದರು. ಮೊದಲನೇ ಚೀಟಿ ಬರೆದೆ. ಬರೆಯುವಾಗ ನನ್ನ ತಲೆ ಓಡುತ್ತಾ ಇತ್ತು. ಇವರು ಯಾಕೆ ಇದೇ ಸ್ಟಾಪಿನಲ್ಲಿ? ಕ್ಯಾರಿಯರಿನಲ್ಲಿ ಏನಿದೆ? ಹಸಿರು ಬಾಗಿಲಿನವರಿಗೆ ಊಟ ಸಾಗಿಸುವುದು ಇವರೇನಾ? ಅಲ್ಲಿ ನಮ್ಮನೆಯವರು ಎಲೆ ಹಾಕಿಕೊಂಡು ಕಾಯುತ್ತಾ ಇದ್ದಾರಾ? ನಗಬೇಡಿ. ಒಂದು ಸಲ ಗುಮಾನಿ ಹೊಕ್ಕಿತು ಅಂದರೆ ಅದಕ್ಕೆ ಊರೆಲ್ಲ ನೆಂಟರು.

ಬುಧವಾರವೂ ಹಾಗೇ ಆಯಿತು. ಅದೇ ಸ್ಟಾಪು, ಅದೇ ಸೈಕಲ್, ಬಸ್ಸು ಕೂತಿತು. ಯಜಮಾನರಿಗೆ ಕೈಕೊಟ್ಟು ಇಳಿಸಿದೆ, ಇಂಜಿನ್ ಹತ್ತಿಕೊಂಡಿತು. ಈ ಸಲ ಜನ ಸುಮ್ಮನಿರಲಿಲ್ಲ. "ಈ ವಯಸ್ಸಿನಲ್ಲಿ ಏನ್ ತಾತ ನಿಂದು" ಅಂತ ಒಬ್ಬ ಕಣ್ಣು ಹೊಡೆದ. ಇನ್ನೊಬ್ಬಳು ಕ್ಯಾರಿಯರಿಗೆ ಮೂಗು ತಂದು ವಾಸನೆ ನೋಡಿದಳು. ಪಾಂಡುರಂಗಯ್ಯ ಹೊಂಗೆಮರದ ಕೆಳಗೆ ನಿಂತು, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದರು. ಹೆಂಡತಿ ಸುಭದ್ರಮ್ಮನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯಿತಂತೆ. ಗಂಡನ ಗುರುತೂ ಹತ್ತುವುದಿಲ್ಲವಂತೆ. ನರ್ಸು ತಿನ್ನಿಸಿದರೆ ಹಲ್ಲು ಕಚ್ಚಿಕೊಂಡು ಮಲಗುತ್ತಾಳೆ, ಇವರು ತಿನ್ನಿಸಿದರೆ ಮಾತ್ರ ತಿನ್ನುತ್ತಾಳೆ. "ನಾನು ಹೋಗದಿದ್ರೆ ಅವಳು ಹಸ್ಕೊಂಡಿರ್ತಾಳೆ. ಇಲ್ಲಿ ನನಗೇನು ಕೆಲಸ ಇರುತ್ತೆ, ಹೇಳಿ" ಅಂದರು. ಬಸ್ಸಿಗಿಂತ ನಿಮ್ಮ ಬಾಯಿ ದೊಡ್ಡದಾ ಅಂತ ಯಾರೋ ಕೇಳಿದರು. ಯಾರೋ ಅಂದೆ, ಕೇಳಿದವಳು ನಾನೇ.

ಗುರುವಾರ ಮೂರನೇ ಚೀಟಿ. ಆ ದಿನ ಅವರು ಏನೂ ವಾದ ಮಾಡಲಿಲ್ಲ. ಇಳಿದವರು ಕಲ್ಲುಬೆಂಚಿನ ಮೇಲೆ ಕೂತು ಕ್ಯಾರಿಯರ್ ಅನ್ನು ತೊಡೆಯ ಮೇಲಿಟ್ಟುಕೊಂಡರು. ಮೂರನೇ ಚೀಟಿ ಆದವರನ್ನು ಮತ್ತೆ ಹತ್ತಿಸಿಕೊಳ್ಳುವ ಹಾಗಿಲ್ಲ. ಆಸ್ಪತ್ರೆ ಅಲ್ಲಿಂದ ಇನ್ನೂ ಏಳು ಸ್ಟಾಪು, ಆ ಕಾಲಿನಲ್ಲಿ ನಡೆಯುವ ಮಾತಲ್ಲ. ಚೀಟಿಯನ್ನು ಡಿಪೋದಲ್ಲಿ ಕೊಟ್ಟೆ. ಶನಿವಾರ ಬೆಳಿಗ್ಗೆ ಎಲ್ಲ ಹಲಗೆಗೂ ಹೆಸರು ಬರೆಸುತ್ತೇನೆ ಅಂದರು ಸಿದ್ದೋಜಿ. ಮನೆಗೆ ಹೋದಾಗ ನಮ್ಮನೆಯವರು ಸೈಕಲ್ ಒರೆಸುತ್ತಾ ಇದ್ದರು. "ಮಂಡಿ ಹೇಗಿದೆ?" ಅಂದೆ. "ಪರವಾಗಿಲ್ಲ" ಅಂದರು. ಅಷ್ಟೇ ಮಾತು.

ಶುಕ್ರವಾರ ಬಸ್ಸಿನಲ್ಲಿ ಯಜಮಾನರು ಇರಲಿಲ್ಲ. ಕಳ್ಳ ಸಿಕ್ಕಿ ಆಯಿತು, ಇನ್ನು ಆರಾಮ ಅಂತ ಎಲ್ಲರೂ ಕಾಲು ಚಾಚಿ ಕೂತಿದ್ದರು. ಎಣ್ಣೆ ಗಿರಣಿ ಬಂತು. ಸೈಕಲ್ ಅಲ್ಲೇ ಇತ್ತು. ಬಸ್ಸು ಕೂತಿತು.

ಇಮ್ತಿಯಾಜ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಸಾಲು, ಮತ್ತೆ ಒಬ್ಬೊಬ್ಬರೇ. ಅರ್ಧ ಬಸ್ಸು ಖಾಲಿಯಾದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಭಾಗ್ಯ ಅಂತ, ನಮ್ಮ ಹಿಂದಿನ ಬೀದಿಯವಳು. ಕಂಕುಳಲ್ಲಿ ಮೂರು ತಿಂಗಳ ಕೂಸು, ಹೆಗಲಲ್ಲಿ ಬಟ್ಟೆ ಚೀಲ. "ಅಕ್ಕಾ, ಒಂದ್ ಸ್ವಲ್ಪ ಹಿಡ್ಕೊಳ್ಳಿ" ಅಂತ ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಮಗುವನ್ನು ಎತ್ತಿಕೊಂಡು ಮೊದಲು ಇಳಿದೆ. ಅವಳು ಹಿಂದೆ ಇಳಿದಳು. ಇಂಜಿನ್ ಹತ್ತಿಕೊಂಡಿತು.

"ಇವಳಾ?" ಅಂದರು ಜನ. "ಗಂಡ ಕ್ಯಾಂಪಿಗೆ ಹೋಗಿದ್ದಾನಲ್ಲ, ಅದಕ್ಕೇ." "ಮಗು ಒಂದು ನೆಪ." ಭಾಗ್ಯ ಇಂಜೆಕ್ಷನ್ ಕಾರ್ಡು ತೆಗೆದು ತೋರಿಸಿದಳು. ಇವತ್ತೇ ತಾರೀಕು, ದೊಡ್ಡಾಸ್ಪತ್ರೆ ಸೀಲು. ಕಾರ್ಡನ್ನು ಯಾರೂ ಓದಲಿಲ್ಲ.

ನಾನು ಮಗುವನ್ನು ಎತ್ತಿಕೊಂಡು ನಿಂತಿದ್ದೆ. ನನ್ನ ಕಣ್ಣು ಎಲ್ಲಿತ್ತು ಅಂತ ಆಗ ನನಗೇ ಗೊತ್ತಾಯಿತು. ಹಸಿರು ಬಾಗಿಲಿನ ಮೇಲಿತ್ತು. ಕಾಲು ಎಲ್ಲಿದೆ ಅಂತ ನೋಡಿಕೊಂಡೆ. ಎರಡೂ ಕಾಲು ನೆಲದ ಮೇಲೆ, ಎಣ್ಣೆ ಗಿರಣಿ ಸ್ಟಾಪಿನ ಕೆಂಪು ಧೂಳಿನಲ್ಲಿ. ಅವಳಿಗಿಂತ ಮೊದಲು ಇಳಿದವಳು ನಾನು. ಮಂಗಳವಾರವೂ ನಾನೇ ಮೊದಲು ಇಳಿದಿದ್ದೆ. ಬುಧವಾರ, ಗುರುವಾರವೂ ಅಷ್ಟೇ.

ಆಗಲೇ ಬಾಯಿ ಬಿಟ್ಟು ಹೇಳಿದೆ ಅಂದುಕೊಳ್ಳಬೇಡಿ. ಹೇಳಲಿಲ್ಲ. "ಬಾಣಂತಿಯನ್ನು ಬಿಸಿಲಲ್ಲಿ ನಿಲ್ಲಿಸ್ಕೊಂಡು ಏನ್ ಮಾತು, ಹತ್ರಿ ಎಲ್ಲ" ಅಂತ ಗದರಿದೆ, ಚೀಟಿ ಬರೆಯಲಿಲ್ಲ, ಅಷ್ಟೇ. ನನಗೂ ಮರ್ಯಾದೆ ಇದೆ, ಇನ್ನೂ ಹದಿಮೂರು ವರ್ಷ ಸರ್ವಿಸ್ ಇದೆ ಅಂತ ಮನಸ್ಸು ಹೇಳುತ್ತಿತ್ತು. ಇರಲಿ, ಇನ್ನೊಂದು ಸಲ ನೋಡೋಣ ಅಂದುಕೊಂಡೆ. ವಾಪಸ್ ಬರುವಾಗ ಎಣ್ಣೆ ಗಿರಣಿಯಲ್ಲಿ ಮತ್ತೆ ಕೂತಿತು. ಬಸ್ಸಿನಲ್ಲಿ ನಾಲ್ಕೇ ಜನ ಇದ್ದರು. ಯಾರನ್ನೂ ಏಳಿಸಲಿಲ್ಲ. ಟೈರು ನೋಡುವವಳ ಹಾಗೆ ನಾನೊಬ್ಬಳೇ ಕೆಳಗಿಳಿದೆ. ಕಾಲು ಊರಿದ್ದೇ ತಡ, ಇಮ್ತಿಯಾಜ್ ಕೀಲಿ ತಿರುಗಿಸಿದ, ಇಂಜಿನ್ ಗುರ್ ಅಂತು.

ಡಿಪೋದಲ್ಲಿ ಇಮ್ತಿಯಾಜ್ ಬಸ್ಸು ನಿಲ್ಲಿಸಿ, ಕೀಲಿ ತೆಗೆದು, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಹೇಳಿದ. "ಅಕ್ಕಾ, ಆ ತಾತನ ಹೆಸರು ನಾಳೆ ಬರೀತಾರೆ."

"ನೀನು ಯಾವಾಗ ನೋಡಿದೆ?"

"ಬುಧವಾರ."

"ಮತ್ತೆ ಯಾಕೋ ಹೇಳಲಿಲ್ಲ?"

"ನೀವು ನಂಬ್ತಿದ್ರಾ?" ಅಂದ.

ಬಸ್ಸು ಕೂತಿದ್ದು ನನ್ನಿಂದ ಅಂತ ಹೋಗಿ ಹೇಳಿದಾಗ ಸಿದ್ದೋಜಿ ಮೊದಲು ನಕ್ಕರು, ಆಮೇಲೆ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಆ ಮುದುಕ ನಿನಗೆ ಏನಾಗಬೇಕು?" ಅಂದರು. ಏನೂ ಆಗಬೇಕಿಲ್ಲ ಅಂದೆ. ಅವರೂ ನನ್ನ ಹಾಗೇ ಈ ಕೆಲಸದಲ್ಲಿ ತಲೆ ನರೆಸಿಕೊಂಡವರು, ಅಷ್ಟು ಸುಲಭಕ್ಕೆ ನಂಬುವ ಜನವಲ್ಲ. ಯಾರನ್ನೋ ಉಳಿಸೋಕೆ ಕಂಡಕ್ಟರು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದನ್ನು ಅವರು ಕಂಡಿದ್ದರಂತೆ. ಕೊನೆಗೆ ಒಂದು ಬಿಳೀ ಹಾಳೆ ಮುಂದೆ ತಳ್ಳಿದರು. "ಎಣ್ಣೆ ಗಿರಣಿಯಲ್ಲಿ ನಿನಗೇನು ಕೆಲಸ, ಅದನ್ನ ಬರಿ. ಬರೆದರೆ ಚೀಟಿ ಮೂರೂ ಹರೀತೀನಿ."

ಈ ಊರಿಗೆಲ್ಲ 'ಎಲ್ಲಿಗೆ' ಅಂತ ಕೇಳಿದವಳು, ನಮ್ಮನೆಯವರನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೇನೋ ಅನ್ನುವ ಭಯ. ಬರೆದೆ. 'ಹಸಿರು ಬಾಗಿಲಿನ ಮನೆಯ ಮುಂದೆ ನನ್ನ ಗಂಡನ ಸೈಕಲ್ ನಿಂತಿರುತ್ತದೆ. ಅದನ್ನು ನೋಡುವುದಕ್ಕೇ ನಾನು ಈ ರೂಟ್ ಕೇಳಿ ಪಡೆದಿದ್ದೇನೆ. ಬೆಳಿಗ್ಗೆ ಗೇಟಿನಲ್ಲಿ ಹೇಳಿದ್ದು ಸುಳ್ಳು.' ಪಕ್ಕದ ಟೇಬಲ್ಲಿನ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದು ಕಾಣಿಸಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಗೊತ್ತಿತ್ತು. ಸಿದ್ದೋಜಿ ಓದಿ, ಚೀಟಿ ಮೂರೂ ಹರಿದು, ನನ್ನ ಸೀಟಿ ಮತ್ತು ಚೀಲ ಇಸಕೊಂಡರು. ಒಂದು ತಿಂಗಳು ಡ್ಯೂಟಿ ಇಲ್ಲ. ಆಮೇಲೂ ಕೊಡುತ್ತಾರೋ ಇಲ್ಲವೋ, ಮೇಲಿನವರು ಹೇಳಬೇಕು.

ಹರಿದ ಚೀಟಿಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಪಾಂಡುರಂಗಯ್ಯನವರ ಮನೆ ಹುಡುಕಿ ಹೋದೆ. ಪುಸ್ತಕದ ಬೈಂಡಿಂಗ್ ಕೆಲಸ ಮಾಡುತ್ತಿದ್ದವರು, ಹಜಾರದಲ್ಲಿ ಇನ್ನೂ ಅಂಟಿನ ವಾಸನೆ. ಬಾಗಿಲು ತೆರೆದೇ ಇತ್ತು. ಕ್ಯಾರಿಯರ್ ಮೇಜಿನ ಮೇಲೆ ಕಟ್ಟಿ ಇಟ್ಟಿದ್ದರು, ಅವರು ಅದರ ಎದುರಿಗೆ ಕೂತಿದ್ದರು. ಅಡುಗೆ ಮಾಡಿದ್ದಾರೆ, ಹೊರಟಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಸೈಕಲ್, ಹಸಿರು ಬಾಗಿಲು, ನಾನು ಮೊದಲು ಇಳಿದಿದ್ದು, ಎಲ್ಲ. ತಪ್ಪಾಯಿತು ಅಂದೆ. ಕವರು ಮುಂದಿಟ್ಟೆ.

ಅವರು ಕವರು ತೆಗೆದು ನೋಡಲಿಲ್ಲ. "ನೀನು ಒಳ್ಳೇದಕ್ಕೇ ಹೇಳ್ತಿದ್ದೀಯ ತಾಯಿ" ಅಂದರು. "ಆದ್ರೆ ಬಸ್ಸು ಸುಳ್ಳು ಹೇಳಲ್ಲ."

"ಬಸ್ಸು ಸುಳ್ಳು ಹೇಳಲಿಲ್ಲ ಯಜಮಾನ್ರೇ, ಅದು ಕೂತಿದ್ದು ನನಗೋಸ್ಕರ."

"ನಾನೂ ಮೊದಲು ನನ್ನದಲ್ಲ ಅಂತಲೇ ಅಂದ್ಕೊಂಡೆ. ನಿನ್ನೆ ಆ ಬೆಂಚಿನ ಮೇಲೆ ಕೂತು ಯೋಚನೆ ಮಾಡಿದೆ. ಹೊಂಗೆ ನೆರಳು, ತಣ್ಣಗಿತ್ತು. ಅವಳಿಗೆ ನನ್ನ ಗುರುತೇ ಇಲ್ಲ. ನಾಲ್ಕು ತಿಂಗಳಿಂದ ಹೋಗ್ತೀನಿ, ಒಂದು ದಿನ ಹೆಸರು ಹಿಡಿದು ಕರೆದಿಲ್ಲ. ಇಲ್ಲೇ ಇಳಿದು ಕೂತ್ಬಿಡೋಣ, ಹೋಗೋದೇ ಬೇಡ ಅಂತ ನನ್ನ ಮನಸ್ಸಿನಲ್ಲಿ ಎಲ್ಲೋ ಇದ್ದಿರಬೇಕು. ಇಲ್ಲದಿದ್ರೆ ಬಸ್ಸಿಗೆ ಹೇಗೆ ಗೊತ್ತಾಯ್ತು?" ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ನನಗೆ ಅದೇ ತಡೆಯೋಕಾಗಲಿಲ್ಲ. "ಐವತ್ತು ವರ್ಷ ಬಾಳಿದವಳ ಹತ್ರ ಹೋಗೋಕೆ ಮನಸ್ಸಿಲ್ಲದೋನು ನಾನು ಅಂತ ಬಸ್ಸು ತೋರಿಸಿಕೊಡ್ತು. ಮತ್ತೆ ಯಾವ ಮುಖ ಇಟ್ಕೊಂಡು ತಿನ್ನಿಸಲಿ?"

ಮೂರು ಚೀಟಿ ಹರಿಯಬಹುದು. ಇದನ್ನು ಯಾರು ಹರಿಯಬೇಕು? ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ನೋಡುವುದರಲ್ಲೇ ಆಯುಸ್ಸು ಕಳೆದವಳು, ಒಬ್ಬ ಮನುಷ್ಯ ತನ್ನ ಮನಸ್ಸನ್ನೇ ನಂಬದ ಹಾಗೆ ಮಾಡಿ ಕೂರಿಸಿದ್ದೆ. ಅಳು ಬಂತು, ಅತ್ತೆ. ಅವರೇ ನೀರು ತಂದುಕೊಟ್ಟರು.

"ಸುಭದ್ರಮ್ಮನವರು ನಿನ್ನೆಯಿಂದ ಏನೂ ತಿಂದಿಲ್ಲ" ಅಂದೆ. "ಮುಖ ಇರಲಿ ಬಿಡಲಿ, ಕೈ ಇದೆಯಲ್ಲ, ಏಳಿ." ಕ್ಯಾರಿಯರ್ ಎತ್ತಿಕೊಂಡು ಹೊರಗೆ ನಡೆದೆ. ಊಟ ಹೋದ ಮೇಲೆ ಅವರಿಗೆ ಬರದೆ ವಿಧಿಯಿರಲಿಲ್ಲ.

ಮೂರು ಗಂಟೆಯ ಒಂಬತ್ತನೇ ನಂಬರಿಗೆ ಇಮ್ತಿಯಾಜೇ ಡ್ರೈವರ್. ನನ್ನ ಜಾಗದಲ್ಲಿ ಪ್ರಮೀಳಾ. ನಾವಿಬ್ಬರೂ ಹತ್ತಿದಾಗ ಯಾರೋ ಹಲಗೆ ಕಡೆ ನೋಡಿದರು, ಅಲ್ಲಿ ಹೆಸರು ಇರಲಿಲ್ಲ. ಪಾಂಡುರಂಗಯ್ಯ ಕಿಟಕಿ ಪಕ್ಕ ಕೂತರು, ನಾನು ಅವರ ಪಕ್ಕ, ಕ್ಯಾರಿಯರ್ ನನ್ನ ತೊಡೆಯ ಮೇಲೆ.

"ಎಲ್ಲಿಗೆ?" ಅಂದಳು ಪ್ರಮೀಳಾ.

ಅವಳು ಕೇಳಿದ್ದು ಯಜಮಾನರನ್ನು. ನಾನು ಹೇಳಬಾರದು, ಅವರೇ ಹೇಳಬೇಕು ಅಂತ ಸುಮ್ಮನಿದ್ದೆ. "ದೊಡ್ಡಾಸ್ಪತ್ರೆ" ಅಂದರು, ಬಹಳ ಸಣ್ಣ ದನಿಯಲ್ಲಿ.

"ನೀವು ಅಕ್ಕಾ?"

"ದೊಡ್ಡಾಸ್ಪತ್ರೆ."

ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ನನ್ನ ಚಪ್ಪಲಿ ನೋಡಿದಳು. ಟಿಕೆಟ್ ಕೊಟ್ಟಳು.

ಗಡಿಯಾರದ ಕಂಬ ದಾಟಿತು. ಮುಂದಿನದೇ ಎಣ್ಣೆ ಗಿರಣಿ. ನಾನು ಬಾಯಲ್ಲಿ ದೊಡ್ಡಾಸ್ಪತ್ರೆ ಅಂದಿದ್ದೇನೆ. ಮನಸ್ಸು ಏನಂದುಕೊಂಡಿದೆಯೋ ಯಾರಿಗೆ ಗೊತ್ತು? ಇಡೀ ಊರಿನಲ್ಲಿ ನಾನು ಎಲ್ಲರಿಗಿಂತ ಕಡಿಮೆ ನಂಬಬೇಕಾದವಳು ಅಲ್ಲೇ ಕೂತಿದ್ದಳು, ನನ್ನ ಸೀರೆ ಉಟ್ಟುಕೊಂಡು. ಈಗ ಬಸ್ಸು ಕೂತರೆ ಜನ ಏನನ್ನುತ್ತಾರೋ ಬಿಡಿ, ಈ ಮನುಷ್ಯ ಇನ್ನು ಸಾಯುವ ತನಕ ಅದು ತನ್ನಿಂದಲೇ ಅಂತ ನಂಬುತ್ತಾರೆ. ನಾನು ಇಳಿದು ತೋರಿಸಿದರೂ ನಂಬುವುದಿಲ್ಲ. ನೋಡಬಾರದು ಅಂತ ಹಠ ಹಿಡಿದರೆ ಕಣ್ಣು ಅಲ್ಲಿಗೇ ಹೋಗುತ್ತೆ. ಕ್ಯಾರಿಯರ್ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಏನು ಅಡುಗೆ ಮಾಡಿದ್ದೀರಿ?" ಅಂದೆ.

"ಹೆಸರುಬೇಳೆ ಹಾಕಿ ಅನ್ನ, ಮೆತ್ತಗೆ" ಅಂದರು. "ಮೆಣಸು ಹಾಕಲ್ಲ, ಗಂಟಲಿಗೆ ಹತ್ತುತ್ತೆ. ಒಂದು ಚೂರು ತುಪ್ಪ."

"ಹಲ್ಲು ಕಚ್ಚಿಕೊಳ್ತಾರೆ ಅಂದ್ರಲ್ಲ, ಹೇಗೆ ತಿನ್ನಿಸ್ತೀರಿ?"

ಬಸ್ಸು ನಿಧಾನವಾಯಿತು. ಹಿಂಡಿಯ ವಾಸನೆ ಬಂತು. ಪಾಂಡುರಂಗಯ್ಯನವರ ಕೈ ಮುಂದಿನ ಸೀಟಿನ ಕಂಬಿಯನ್ನು ಹಿಡಿದಿತ್ತು.

"ಹೇಳಿ" ಅಂದೆ.

"ಮೊದಲು ತುಪ್ಪನ ಬೆರಳಿನಿಂದ ತುಟಿಗೆ ಸವರಬೇಕು. ಆಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಅವಸರ ಮಾಡಿದ್ರೆ ಆಗಲ್ಲ. ನಾಲಿಗೆ ತಾನೇ ಆಚೆ ಬಂದು ರುಚಿ ನೋಡುತ್ತೆ."

ಯಾರೋ ಇಳಿದರು. ಯಾರೋ ಚೀಲ ಎಳೆದುಕೊಂಡು ಹತ್ತಿದರು.

"ಆಮೇಲೆ?"

"ಆಮೇಲೆ ಬಾಯಿ ಬಿಡ್ತಾಳೆ. ಎರಡು ತುತ್ತು ಆದ ಮೇಲೆ, ಸರಿಯಿರೋ ಕೈಯಿಂದ ನನ್ನ ಮಣಿಕಟ್ಟು ಹಿಡ್ಕೋತಾಳೆ. ಊಟ ಮುಗಿಯೋ ತನಕ ಬಿಡಲ್ಲ." ಅವರು ತಮ್ಮ ಬಲಗೈಯ ಮಣಿಕಟ್ಟನ್ನು ನೋಡಿಕೊಂಡರು. "ಯಾರು ಅಂತ ಗೊತ್ತಿಲ್ಲದೆಯೇ ಹಿಡ್ಕೋತಾಳೆ."

ಆ ಕೈ ಹಿಡಿಯುವುದನ್ನು ನನಗೆ ನೋಡಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಪ್ರಮೀಳಾ ಸೀಟಿ ಊದಿದಳು. ಇಮ್ತಿಯಾಜ್ ಗೇರ್ ಹಾಕಿದ, ಬಸ್ಸು ಒಂದು ಸಲ ಜಗ್ಗಿ ಮುಂದಕ್ಕೆ ಹೊರಟಿತು. ಪಾಂಡುರಂಗಯ್ಯ ತಲೆಯನ್ನು ಕಂಬಿಗೆ ಆನಿಸಿಕೊಂಡರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಅವತ್ತು ಹಸಿರು ಬಾಗಿಲಿನ ಮುಂದೆ ಸೈಕಲ್ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.